ಕರಗುವ ಮನಸ್ಸು, ಕರಗದ ತೀರ್ಪು: ದೂರದರ್ಶನ ಸಂದರ್ಶನ ಮತ್ತು ನಾಯಕನ ಕುರಿತ ಅಭಿಪ್ರಾಯ

ರಾಜಕೀಯ ನಾಯಕನೊಬ್ಬನ ಕುರಿತು ಜನರಲ್ಲಿ ಮೂಡುವ ಅಭಿಪ್ರಾಯವು ಒಂದೇ ದಿನದಲ್ಲಿ ಕಟ್ಟಿಕೊಂಡದ್ದಲ್ಲ. ಮನೆಯ ಹಿರಿಯರ ಮಾತು, ಊರಿನ ಪಕ್ಷನಿಷ್ಠೆ, ಪತ್ರಿಕೆಯ ಸುದ್ದಿ, ಬಸ್ಸಿನಲ್ಲೋ ಚಹಾದಂಗಡಿಯಲ್ಲೋ ಕಿವಿಗೆ ಬಿದ್ದ ಚರ್ಚೆ, ಸರಕಾರಿ ಕಚೇರಿಯಲ್ಲಿ ತನಗೇ ಆದ ಅನುಭವ ಇವೆಲ್ಲವೂ ಪದರಪದರವಾಗಿ ಕೂಡಿ ಅದು ಗಟ್ಟಿಗೊಳ್ಳುತ್ತದೆ. ಹೀಗೆ ವರ್ಷಗಟ್ಟಲೆ ಬೆಳೆದುಬಂದ ಅಭಿಪ್ರಾಯವು ಒಂದು ಸಂಜೆ ಒಂದೂವರೆ ಗಂಟೆಯ ಸಂದರ್ಶನವನ್ನು ನೋಡಿದ ಮಾತ್ರಕ್ಕೆ ಬದಲಾಗಬಹುದೆ? ಬದಲಾಯಿತೆಂದು ನೋಡಿದವರು ಹೇಳಿದಾಗ, ನಿಜವಾಗಿ ಬದಲಾದದ್ದು ಯಾವುದು?

ಈ ಪ್ರಶ್ನೆಗೆ ಉತ್ತರ ಹುಡುಕುವವರಿಗೆ ಇಪ್ಪತ್ತನೆಯ ಶತಮಾನವು ಒಂದು ಅಪೂರ್ವ ನಿದರ್ಶನವನ್ನು ಬಿಟ್ಟುಹೋಗಿದೆ. 1977ರ ಮೇ ತಿಂಗಳಿನಲ್ಲಿ ಪ್ರಸಾರವಾದ, ಅಮೆರಿಕದ ಮಾಜಿ ಅಧ್ಯಕ್ಷ ರಿಚರ್ಡ್ ನಿಕ್ಸನ್ ಅವರೊಡನೆ ಬ್ರಿಟನ್ನಿನ ಡೇವಿಡ್ ಫ್ರಾಸ್ಟ್ ನಡೆಸಿದ ಸಂದರ್ಶನಮಾಲೆಯೇ ಅದು. ರಾಜಕೀಯಶಾಸ್ತ್ರ, ಮಾಧ್ಯಮಶಾಸ್ತ್ರಗಳ ವಿದ್ಯಾರ್ಥಿಗಳಿಗೆ ಇದು ಪರಿಚಿತ ವಿಷಯ. ಆದರೆ ಮಾತು, ಭಾವ, ರಸ, ಪಾತ್ರಗಳ ವಿಚಾರವನ್ನೇ ಅಭ್ಯಾಸ ಮಾಡುವ ಸಾಹಿತ್ಯದ ವಿದ್ಯಾರ್ಥಿಗಳಿಗೂ ಇದರಲ್ಲಿ ಕಲಿಯುವುದು ಬಹಳಷ್ಟಿದೆ.

ಹಿನ್ನೆಲೆ

1972ರ ಜೂನ್ 17ರಂದು ವಾಷಿಂಗ್ಟನ್ನಿನ ವಾಟರ್‌ಗೇಟ್ ಕಟ್ಟಡಸಮುಚ್ಚಯದಲ್ಲಿದ್ದ ಡೆಮಾಕ್ರಟಿಕ್ ಪಕ್ಷದ ರಾಷ್ಟ್ರೀಯ ಕಚೇರಿಗೆ ನುಗ್ಗಿದ ಐವರು ಸಿಕ್ಕಿಬಿದ್ದರು. ಆಗ ಅಧ್ಯಕ್ಷರಾಗಿದ್ದವರು ರಿಪಬ್ಲಿಕನ್ ಪಕ್ಷದ ನಿಕ್ಸನ್. ಮೊದಲಿಗೆ ಇದು ಸಣ್ಣ ಕಳವಿನ ಪ್ರಕರಣವೆಂದೇ ತೋರಿತು. ಅದೇ ವರ್ಷದ ನವೆಂಬರಿನಲ್ಲಿ ನಿಕ್ಸನ್ 50 ರಾಜ್ಯಗಳ ಪೈಕಿ 49ರಲ್ಲಿ ಗೆದ್ದು ಮರಳಿ ಅಧ್ಯಕ್ಷರಾದರು. ಆದರೆ ಪತ್ರಿಕೆಗಳು, ನ್ಯಾಯಾಲಯ ಮತ್ತು ಸೆನೆಟ್ ಸಮಿತಿಗಳು ಎಳೆಯನ್ನು ಬಿಡಲಿಲ್ಲ. ಅಧ್ಯಕ್ಷರ ಕಚೇರಿಯಲ್ಲಿ ನಡೆಯುವ ಮಾತುಕತೆಗಳೆಲ್ಲ ಗುಪ್ತವಾಗಿ ಧ್ವನಿಮುದ್ರಣವಾಗುತ್ತಿದ್ದವೆಂಬ ಸಂಗತಿ 1973ರ ಜುಲೈಯಲ್ಲಿ ಹೊರಬಿತ್ತು. ಆ ಧ್ವನಿಸುರುಳಿಗಳನ್ನು ಒಪ್ಪಿಸಬೇಕೆಂದು 1974ರ ಜುಲೈ 24ರಂದು ಸುಪ್ರೀಂ ಕೋರ್ಟು ಒಮ್ಮತದಿಂದ ಆದೇಶಿಸಿತು. ಕಳವು ನಡೆದು ಆರು ದಿನಗಳೊಳಗೇ ತನಿಖೆಯನ್ನು ತಡೆಯುವ ಮಾತನ್ನು ಸ್ವತಃ ಅಧ್ಯಕ್ಷರು ಆಡಿದ್ದರೆಂಬುದು ಅವುಗಳಲ್ಲೊಂದರಿಂದ ಸಿದ್ಧವಾಯಿತು. 1974ರ ಆಗಸ್ಟ್ 9ರಂದು ನಿಕ್ಸನ್ ಅಧಿಕಾರ ತ್ಯಜಿಸಿದರು.

ಮುಂದಿನ ತಿಂಗಳ 8ರಂದು ಹೊಸ ಅಧ್ಯಕ್ಷ ಜೆರಾಲ್ಡ್ ಫೋರ್ಡ್ ಅವರಿಗೆ ಸಂಪೂರ್ಣ ಕ್ಷಮಾದಾನವನ್ನು ನೀಡಿದರು. ಇದರ ಫಲವಾಗಿ ನಿಕ್ಸನ್ ಎಂದೂ ಕಟಕಟೆಯಲ್ಲಿ ನಿಲ್ಲಬೇಕಾಗಿ ಬರಲಿಲ್ಲ. ಅವರ ಸಹಾಯಕರಲ್ಲಿ ಹಲವರು ಸೆರೆಮನೆಗೆ ಹೋದರು. ಅವರು ಮಾತ್ರ ಕ್ಯಾಲಿಫೋರ್ನಿಯದ ತಮ್ಮ ಮನೆಗೆ ಹೋದರು. ಜನರು ಕೇಳಬೇಕೆಂದಿದ್ದ ಪ್ರಶ್ನೆಗಳು ಹಾಗೆಯೇ ಉಳಿದವು. ಆದುದರಿಂದಲೇ ಮೂರು ವರ್ಷಗಳ ತರುವಾಯ ನಡೆದ ಸಂದರ್ಶನವು, ನಡೆಯದೇ ಹೋದ ವಿಚಾರಣೆಯ ಸ್ಥಾನವನ್ನು ಪಡೆಯಿತು. ಸಂದರ್ಶನಕ್ಕೆ ಅಷ್ಟು ದೊಡ್ಡ ಭಾರ ಬಂದುದು ಅದರ ಸ್ವಂತ ಗುಣದಿಂದಲ್ಲ; ನ್ಯಾಯವ್ಯವಸ್ಥೆ ಬಿಟ್ಟ ತೆರವಿನಿಂದ ಎಂಬುದನ್ನು ಇಲ್ಲಿ ಗಮನಿಸಬೇಕು.

ಎರಡು ಕುರ್ಚಿಗಳ ಏರ್ಪಾಡು

ಡೇವಿಡ್ ಫ್ರಾಸ್ಟ್ ಗಂಭೀರ ರಾಜಕೀಯ ಪತ್ರಕರ್ತರೆಂದು ಹೆಸರಾದವರಲ್ಲ. 1960ರ ದಶಕದ ಆರಂಭದಲ್ಲಿ ಬಿಬಿಸಿಯ ವಿಡಂಬನಾ ಕಾರ್ಯಕ್ರಮವೊಂದರಿಂದ ಬೆಳಕಿಗೆ ಬಂದು, ಅನಂತರ ಹರಟೆಯ ಕಾರ್ಯಕ್ರಮಗಳನ್ನು ನಡೆಸಿದವರು. ನಿಕ್ಸನ್ ಅವರ ಒಪ್ಪಿಗೆಗಾಗಿ ಅವರು 6 ಲಕ್ಷ ಡಾಲರುಗಳನ್ನೂ ಲಾಭದಲ್ಲಿ ಪಾಲನ್ನೂ ಕೊಡಲೊಪ್ಪಿದರು. ಹಣ ಕೊಟ್ಟು ಪಡೆಯುವ ಸಂದರ್ಶನವು ಪತ್ರಿಕಾಧರ್ಮಕ್ಕೆ ಸಲ್ಲದೆಂದು ಅಮೆರಿಕದ ದೊಡ್ಡ ದೂರದರ್ಶನ ಜಾಲಗಳು ಹಿಂದೆ ಸರಿದವು. ಫ್ರಾಸ್ಟ್ ಬಿಡಿಬಿಡಿಯಾದ ಕೇಂದ್ರಗಳನ್ನು ಒಟ್ಟುಗೂಡಿಸಿ, ತಾವೇ ಜಾಹೀರಾತುಗಳನ್ನು ಹೊಂದಿಸಿಕೊಂಡು ಪ್ರಸಾರದ ವ್ಯವಸ್ಥೆ ಮಾಡಬೇಕಾಯಿತು. ಸಂಕಲನದ ವಿಷಯದಲ್ಲಿ ನಿಕ್ಸನ್ ಅವರಿಗೆ ಯಾವ ಹಕ್ಕೂ ಇರಲಿಲ್ಲ.

1977ರ ಮಾರ್ಚ್ ಕೊನೆಯಲ್ಲಿ ಆರಂಭವಾದ ಚಿತ್ರೀಕರಣವು ಕ್ಯಾಲಿಫೋರ್ನಿಯದ ಕಡಲತೀರದ ಮನೆಯೊಂದರಲ್ಲಿ ಸುಮಾರು ನಾಲ್ಕು ವಾರಗಳ ಅವಧಿಯಲ್ಲಿ ಹನ್ನೆರಡು ದಿನ ನಡೆಯಿತು. ದಾಖಲಾದ ಮಾತುಕತೆ 28 ಗಂಟೆ 45 ನಿಮಿಷಗಳಷ್ಟು. ಮೇ ತಿಂಗಳಿನಲ್ಲಿ ಜನರು ನೋಡಿದ್ದು ತಲಾ ಒಂದೂವರೆ ಗಂಟೆಯ ನಾಲ್ಕು ಕಾರ್ಯಕ್ರಮಗಳನ್ನು, ಅಂದರೆ ಸುಮಾರು ಐದರಲ್ಲಿ ಒಂದು ಪಾಲನ್ನು ಮಾತ್ರ. ಉಳಿದ ನಾಲ್ಕು ಪಾಲು ಸಂಕಲನಕಾರರ ಮೇಜಿನಲ್ಲಿಯೇ ಉಳಿಯಿತು. ಕ್ರಮವೂ ಚಿತ್ರೀಕರಣದ ಕ್ರಮವಾಗಿರಲಿಲ್ಲ. ಜನರು ಕಾತರದಿಂದ ಕಾದಿದ್ದ ವಾಟರ್‌ಗೇಟ್ ಭಾಗವನ್ನೇ ಮೊದಲು ಪ್ರಸಾರ ಮಾಡಲಾಯಿತು.

ಮೊದಲ ದಿನಗಳ ಚಿತ್ರೀಕರಣದಲ್ಲಿ ಮೇಲುಗೈ ನಿಕ್ಸನ್ ಅವರದೇ. ವಕೀಲರಾಗಿ ಪಳಗಿದ ಅವರು ಸಣ್ಣ ಪ್ರಶ್ನೆಗೆ ದೀರ್ಘವಾದ ಉತ್ತರ ಕೊಟ್ಟು ಕಾಲ ಕಳೆಯುವುದನ್ನು ಬಲ್ಲವರು. ವಾಟರ್‌ಗೇಟ್ ವಿಷಯಕ್ಕೆ ಬರುವ ಹೊತ್ತಿಗೆ ಫ್ರಾಸ್ಟ್ ಬೇರೆಯೇ ಸಿದ್ಧತೆಯೊಂದಿಗೆ ಕುಳಿತಿದ್ದರು. ಅವರ ಸಂಶೋಧನ ತಂಡದಲ್ಲಿದ್ದ ಜೇಮ್ಸ್ ರೆಸ್ಟನ್ ಜೂನಿಯರ್ ನ್ಯಾಯಾಲಯದ ಕಡತಗಳನ್ನು ಜಾಲಾಡಿ, ನಿಕ್ಸನ್ ತಮ್ಮ ಆಪ್ತ ಚಾರ್ಲ್ಸ್ ಕಾಲ್ಸನ್ ಅವರೊಡನೆ ಆಡಿದ್ದ, ಅದುವರೆಗೆ ಹೆಚ್ಚು ಬೆಳಕು ಕಾಣದಿದ್ದ ಮಾತುಗಳ ಲಿಖಿತ ರೂಪವನ್ನು ಹುಡುಕಿ ತಂದಿದ್ದರು. ತಮ್ಮದೇ ಮಾತುಗಳನ್ನು ತಮ್ಮೆದುರಿಗೇ ಓದಿದಾಗ ನಿಕ್ಸನ್ ಅವರ ಹಿಡಿತ ಸಡಿಲವಾಯಿತು. ಸಂದರ್ಶಕನ ಬಲವಿರುವುದು ಏರಿದ ದನಿಯಲ್ಲಲ್ಲ; ಕೈಯಲ್ಲಿರುವ ದಾಖಲೆಯಲ್ಲಿ. ಈ ಪ್ರಸಂಗದಿಂದ ಕಲಿಯಬಹುದಾದ ಮೊದಲ ಪಾಠವಿದು.

ಮೇ 4ರ ರಾತ್ರಿ

1977ರ ಮೇ 4ರ ರಾತ್ರಿ ಸುಮಾರು 4.5 ಕೋಟಿ ಅಮೆರಿಕನ್ನರು ಈ ಕಾರ್ಯಕ್ರಮವನ್ನು ನೋಡಿದರೆಂಬುದು ಅಂದಿನ ಅಂದಾಜು. ರಾಜಕೀಯ ಸಂದರ್ಶನವೊಂದಕ್ಕೆ ಅಷ್ಟು ಮಂದಿ ಪ್ರೇಕ್ಷಕರು ಅದುವರೆಗೆ ದೊರೆತಿರಲಿಲ್ಲ.

ತಾವು ತಪ್ಪುಗಳನ್ನು ಮಾಡಿದುದುಂಟು, ಆದರೆ ಅಪರಾಧವನ್ನೆಸಗಿಲ್ಲ ಎಂಬುದು ನಿಕ್ಸನ್ ಅವರ ವಾದವಾಗಿತ್ತು. ಒಂದು ಹಂತದಲ್ಲಿ ಫ್ರಾಸ್ಟ್ ಕೈಯಲ್ಲಿದ್ದ ಟಿಪ್ಪಣಿಗಳನ್ನು ಬದಿಗೆಸೆದು, ಜನರು ಅವರ ಬಾಯಿಂದ ಕೇಳಬಯಸುವ ಮೂರು ಮಾತುಗಳನ್ನು ಮುಂದಿಟ್ಟರು. ನಡೆದದ್ದು ಬರಿಯ ತಪ್ಪಲ್ಲ, ಅಪರಾಧವೂ ಆಗಿದ್ದಿರಬಹುದು ಎಂಬುದು ಮೊದಲನೆಯದು. ಅಧಿಕಾರದ ದುರುಪಯೋಗವಾಯಿತೆಂಬುದು ಎರಡನೆಯದು. ದೇಶವನ್ನು ಎರಡು ವರ್ಷ ಅನಗತ್ಯ ಸಂಕಟಕ್ಕೆ ಗುರಿಮಾಡಿದುದಕ್ಕೆ ಕ್ಷಮೆ ಬೇಡುವುದು ಮೂರನೆಯದು. ಆಗ ಹೇಳದಿದ್ದರೆ ಜೀವನವಿಡೀ ಅದು ಕಾಡುವುದೆಂದೂ ಅವರು ಎಚ್ಚರಿಸಿದರು.

ನಿಕ್ಸನ್ ಆ ಮೂರು ಮಾತುಗಳನ್ನು ಯಥಾವತ್ತಾಗಿ ಆಡಲಿಲ್ಲ. ಆದರೆ ಅದುವರೆಗೆ ಆಡದಿದ್ದ ಮಾತನ್ನು ಆಡಿದರು. ಗೆಳೆಯರನ್ನೂ ದೇಶವನ್ನೂ ಆಡಳಿತವ್ಯವಸ್ಥೆಯನ್ನೂ ಸರಕಾರದ ಸೇವೆಗೆ ಬರಬೇಕೆಂದಿದ್ದ ತರುಣರ ಕನಸನ್ನೂ ತಾವು ಹುಸಿಮಾಡಿದೆವೆಂದೂ, ಆ ಹೊರೆಯನ್ನು ಉಳಿದ ಬದುಕಿನಲ್ಲೆಲ್ಲ ಹೊರಬೇಕಾಗಿದೆಯೆಂದೂ ಒಪ್ಪಿಕೊಂಡರು. ವಿರೋಧಿಗಳಿಗೆ ಕತ್ತಿಯನ್ನು ತಾವೇ ಕೊಟ್ಟೆವೆಂದೂ, ಅವರದನ್ನು ಇರಿದು ತಿರುವಿದರೆಂದೂ, ಅವರ ಸ್ಥಾನದಲ್ಲಿದ್ದರೆ ತಾವೂ ಹಾಗೆಯೇ ಮಾಡುತ್ತಿದ್ದೆವೆಂದೂ ಹೇಳಿದರು. ಹೇಳುವಾಗ ಕ್ಯಾಮರಾ ಅವರ ಮುಖಕ್ಕೆ ಬಹಳ ಹತ್ತಿರವಿತ್ತು. ಮುದುಡಿದ ಹುಬ್ಬು, ತೇವಗೊಂಡ ಕಣ್ಣು, ಮಾತಿಗೂ ಮಾತಿಗೂ ನಡುವಿನ ಮೌನ ಎಲ್ಲವೂ ಕಾಣುತ್ತಿದ್ದವು. ವರ್ಷಗಟ್ಟಲೆ ದ್ವೇಷಿಸಿದವರ ಎದುರಿಗೆ ಅಂದು ಕುಳಿತದ್ದು ಅಧ್ಯಕ್ಷನಲ್ಲ, ಸೋತ ಒಬ್ಬ ಮುದುಕ.

ಜನರ ಉತ್ತರ

ಪ್ರಸಾರದ ಬಳಿಕ ಗ್ಯಾಲಪ್ ಸಂಸ್ಥೆ ನಡೆಸಿದ ಸಮೀಕ್ಷೆಯ ಅಂಕಿಗಳು ಈ ಇಡೀ ಪ್ರಕರಣದ ತಿರುಳು. ಸಂದರ್ಶನವನ್ನು ನೋಡಿದ ಮೇಲೆ ನಿಕ್ಸನ್ ಅವರ ಬಗ್ಗೆ ಮೊದಲಿಗಿಂತ ಹೆಚ್ಚು ಅನುಕಂಪ ಮೂಡಿತೆಂದವರು ಶೇ. 44. ಆದರೆ ನ್ಯಾಯಕ್ಕೆ ಅಡ್ಡಿಪಡಿಸಿದ ಅಪರಾಧ ಅವರದೆಂದು ನಂಬಿದವರು ಶೇ. 72, ಅವರು ಈಗಲೂ ಸತ್ಯವನ್ನು ಮುಚ್ಚಿಡುತ್ತಿದ್ದಾರೆಂದವರು ಶೇ. 69, ಸಾರ್ವಜನಿಕ ಜೀವನದಲ್ಲಿ ಅವರಿಗೆ ಇನ್ನು ಯಾವ ಪಾತ್ರವೂ ಸಲ್ಲದೆಂದವರು ಶೇ. 75.

ಈ ಅಂಕಿಗಳನ್ನು ಒಟ್ಟಿಗೆ ಇಟ್ಟು ನೋಡಬೇಕು. ಶೇ. 44 ಮತ್ತು ಶೇ. 72 ಕೂಡಿದರೆ ನೂರನ್ನು ಮೀರುತ್ತದೆ. ಅಂದರೆ ಅನುಕಂಪ ತೋರಿದವರಲ್ಲಿ ಗಣನೀಯ ಸಂಖ್ಯೆಯ ಜನರು ಅದೇ ಉಸಿರಿನಲ್ಲಿ ಆತ ತಪ್ಪಿತಸ್ಥನೆಂದೂ ಹೇಳಿರಲೇಬೇಕು. ಅವರ ಮನಸ್ಸು ಕರಗಿತು, ತೀರ್ಪು ಕರಗಲಿಲ್ಲ. ‘ಅಭಿಪ್ರಾಯ ಬದಲಾಯಿತು’ ಎಂಬ ಒಂದೇ ವಾಕ್ಯದೊಳಗೆ ನಾವು ಸಾಮಾನ್ಯವಾಗಿ ಎರಡು ಬೇರೆ ಸಂಗತಿಗಳನ್ನು ಬೆರೆಸುತ್ತೇವೆ. ಒಬ್ಬನ ವಿಷಯದಲ್ಲಿ ನಮಗೇನನ್ನಿಸುತ್ತದೆ ಎಂಬುದು ಒಂದು. ಅವನು ಮಾಡಿದ ಕೆಲಸದ ವಿಷಯದಲ್ಲಿ ನಾವೇನನ್ನು ತೀರ್ಮಾನಿಸುತ್ತೇವೆ ಎಂಬುದು ಇನ್ನೊಂದು. ಮೊದಲನೆಯದನ್ನು ಒಂದು ಮುಖಭಾವ ಬದಲಿಸಬಲ್ಲುದು. ಎರಡನೆಯದನ್ನು ಬದಲಿಸಲು ಹೊಸ ಸಾಕ್ಷ್ಯ ಬೇಕು. 1977ರ ಪ್ರೇಕ್ಷಕರು ಈ ವ್ಯತ್ಯಾಸವನ್ನು ಯಾರೂ ಕಲಿಸದೆಯೇ ಕಾಪಾಡಿಕೊಂಡರೆಂಬುದು ಪ್ರಜಾಪ್ರಭುತ್ವದ ಬಗ್ಗೆ ಭರವಸೆ ಹುಟ್ಟಿಸುವ ಸಂಗತಿ.

ಅದೇ ಮಾಲೆಯ ಮೂರನೆಯ ಭಾಗದಲ್ಲಿ ಮತ್ತೊಂದು ಮಾತು ಬಂತು. ದೇಶದ ಭದ್ರತೆಯ ಹೆಸರಿನಲ್ಲಿ ಭಿನ್ನಮತೀಯರ ವಿರುದ್ಧ ಕಾನೂನನ್ನು ಮೀರಿದ ಕ್ರಮಗಳನ್ನು ಕೈಗೊಳ್ಳುವ ಬಗ್ಗೆ ಪ್ರಶ್ನೆಯೆದ್ದಾಗ, ಅಧ್ಯಕ್ಷನೇ ಮಾಡಿದ ಕೆಲಸವು ಕಾನೂನುಬಾಹಿರವಾಗದು ಎಂಬರ್ಥದ ಉತ್ತರವನ್ನು ನಿಕ್ಸನ್ ಕೊಟ್ಟರು. ಆ ಕ್ಷಣದಲ್ಲಿ ಕಣ್ಣೀರಿರಲಿಲ್ಲ, ನಾಟಕೀಯತೆಯಿರಲಿಲ್ಲ. ಆದರೆ ಇಂದು ಕಾನೂನಿನ ಚರ್ಚೆಗಳಲ್ಲಿ ಮತ್ತೆ ಮತ್ತೆ ಉದ್ಧೃತವಾಗುವುದು ಆ ಮಾತೇ. ಪಶ್ಚಾತ್ತಾಪದ ಮುಖವು ಪ್ರೇಕ್ಷಕರ ಹೃದಯವನ್ನು ತಟ್ಟಿದರೆ, ಈ ಮಾತು ಆ ಆಡಳಿತದ ಹಿಂದಿದ್ದ ನಂಬಿಕೆಯನ್ನೇ ಬಯಲಿಗೆಳೆಯಿತು. ಸಂದರ್ಶನದಲ್ಲಿ ಅತ್ಯಂತ ಮುಖ್ಯವಾದುದು ಅತ್ಯಂತ ಕಲಕುವಂಥದೇ ಆಗಿರಬೇಕೆಂದಿಲ್ಲ.

ಕಿರುತೆರೆಯ ಗುಣ

ನಿಕ್ಸನ್ ಅವರ ರಾಜಕೀಯ ಜೀವನವೇ ದೂರದರ್ಶನದ ಶಕ್ತಿಗೆ ಒಂದು ಭಾಷ್ಯವಿದ್ದಂತೆ. 1952ರಲ್ಲಿ ಅವರು ಉಪಾಧ್ಯಕ್ಷ ಸ್ಥಾನದ ಅಭ್ಯರ್ಥಿಯಾಗಿದ್ದಾಗ, ಬೆಂಬಲಿಗರು ಕೂಡಿಸಿದ ಸುಮಾರು 18 ಸಾವಿರ ಡಾಲರುಗಳ ನಿಧಿಯ ವಿಷಯದಲ್ಲಿ ಆಪಾದನೆ ಬಂತು. ಸೆಪ್ಟೆಂಬರ್ 23ರಂದು ಅವರು ದೂರದರ್ಶನದಲ್ಲಿ ತಮ್ಮ ಮನೆಯ ಲೆಕ್ಕಪತ್ರವನ್ನೆಲ್ಲ ಬಿಡಿಸಿಟ್ಟು, ಮಕ್ಕಳಿಗೆ ಉಡುಗೊರೆಯಾಗಿ ಬಂದ ಚೆಕರ್ಸ್ ಎಂಬ ನಾಯಿಯನ್ನು ಮಾತ್ರ ಹಿಂದಿರುಗಿಸುವುದಿಲ್ಲವೆಂದರು. ಬೆಂಬಲದ ತಂತಿಗಳು ರಾಶಿರಾಶಿಯಾಗಿ ಬಂದವು, ಅಭ್ಯರ್ಥಿತನ ಉಳಿಯಿತು. ಎಂಟು ವರ್ಷಗಳ ಬಳಿಕ, 1960ರ ಸೆಪ್ಟೆಂಬರ್ 26ರಂದು, ಜಾನ್ ಕೆನಡಿಯವರೊಡನೆ ನಡೆದ ಮೊದಲ ದೂರದರ್ಶನ ಚರ್ಚೆಯಲ್ಲಿ ಅದೇ ಕಿರುತೆರೆ ಅವರಿಗೆ ಮುಳುವಾಯಿತೆಂಬ ಮಾತು ಬಂತು. ಮೊಣಕಾಲಿನ ಸೋಂಕಿನಿಂದ ಆಸ್ಪತ್ರೆ ಸೇರಿ ಹೊರಬಂದಿದ್ದ ಅವರು ಬಿಳಿಚಿಕೊಂಡು, ಬಳಲಿದವರಂತೆ ಕಂಡರು.

ಆ ಚರ್ಚೆಯನ್ನು ರೇಡಿಯೋದಲ್ಲಿ ಕೇಳಿದವರಿಗೆ ನಿಕ್ಸನ್ ಗೆದ್ದಂತೆಯೂ, ದೂರದರ್ಶನದಲ್ಲಿ ನೋಡಿದವರಿಗೆ ಕೆನಡಿ ಗೆದ್ದಂತೆಯೂ ತೋರಿತೆಂಬ ಕಥೆ ಬಹಳ ಪ್ರಸಿದ್ಧವಾಗಿದೆ. ಆದರೆ ಆ ಕಥೆಗೆ ಆಧಾರವಾದ ಸಮೀಕ್ಷೆ ದುರ್ಬಲವಾದದ್ದೆಂದು 1987ರಲ್ಲಿ ವ್ಯಾನ್ಸಿಲ್ ಮತ್ತು ಪೆಂಡೆಲ್ ಎಂಬ ವಿದ್ವಾಂಸರು ತೋರಿಸಿದರು. ರೇಡಿಯೋ ಕೇಳಿದವರೂ ದೂರದರ್ಶನ ನೋಡಿದವರೂ ಮೊದಲೇ ಬೇರೆ ಬೇರೆ ಒಲವಿನವರಾಗಿದ್ದಿರಬಹುದು. 2003ರಲ್ಲಿ ಜೇಮ್ಸ್ ಡ್ರಕ್‌ಮನ್ ಹೊಸ ತಲೆಮಾರಿನವರಿಗೆ ಅದೇ ಚರ್ಚೆಯನ್ನು ಕೆಲವರಿಗೆ ಕೇಳಿಸಿ, ಕೆಲವರಿಗೆ ತೋರಿಸಿ ಪ್ರಯೋಗ ಮಾಡಿದರು. ನೋಡಿದವರು ಕೆನಡಿಯವರ ಕಡೆಗೆ ಹೆಚ್ಚು ವಾಲಿದರು; ತೀರ್ಮಾನಿಸುವಾಗ ಅಭ್ಯರ್ಥಿಯ ವ್ಯಕ್ತಿತ್ವಕ್ಕೆ ಹೆಚ್ಚು ಬೆಲೆ ಕೊಟ್ಟರು. ಕಥೆಯ ಆಧಾರ ಅಲುಗಿದರೂ ಒಳಗಿನ ತತ್ತ್ವಕ್ಕೆ ಹೀಗೆ ಬೇರೊಂದು ಆಧಾರ ದೊರೆಯಿತು: ಕಣ್ಣು ವ್ಯಕ್ತಿಯನ್ನು ಅಳೆಯುತ್ತದೆ, ಕಿವಿ ವಾದಕ್ಕೆ ಸ್ವಲ್ಪ ಹೆಚ್ಚು ಜಾಗ ಕೊಡುತ್ತದೆ.

ಇದರ ಕಾರಣವನ್ನು 1956ರಷ್ಟು ಹಿಂದೆಯೇ ಡೊನಾಲ್ಡ್ ಹಾರ್ಟನ್ ಮತ್ತು ರಿಚರ್ಡ್ ವೋಲ್ ಎಂಬ ಸಮಾಜವಿಜ್ಞಾನಿಗಳು ವಿವರಿಸಿದ್ದರು. ತೆರೆಯ ಮೇಲಿನ ವ್ಯಕ್ತಿಯೊಡನೆ ಪ್ರೇಕ್ಷಕನಿಗೆ ಒಂದು ಬಗೆಯ ಆಪ್ತತೆ ಬೆಳೆಯುತ್ತದೆ. ಮುಖಾಮುಖಿ ಕುಳಿತು ಮಾತನಾಡಿದ ಅನುಭವವಾಗುತ್ತದೆ. ಆದರೆ ಆ ಸಂಬಂಧ ಏಕಮುಖವಾದುದು. ಪ್ರೇಕ್ಷಕನು ನಾಯಕನನ್ನು ‘ಬಲ್ಲ’. ನಾಯಕನು ಪ್ರೇಕ್ಷಕನನ್ನು ಅರಿಯ. ವೇದಿಕೆಯ ಭಾಷಣದಲ್ಲಿ ನಾಯಕನು ಎತ್ತರದಲ್ಲಿ, ದೂರದಲ್ಲಿ ನಿಂತಿರುತ್ತಾನೆ. ಸಂದರ್ಶನದಲ್ಲಾದರೋ ನಮ್ಮ ಮನೆಯ ಪಡಸಾಲೆಯಲ್ಲಿ, ನಮ್ಮ ಕಣ್ಣಿನ ಮಟ್ಟದಲ್ಲಿ ಕುಳಿತಿರುತ್ತಾನೆ. ಅತಿಥಿಯ ವಿಷಯದಲ್ಲಿ ಕಠೋರವಾಗುವುದು ಯಾರಿಗೂ ಸುಲಭವಲ್ಲ.

ಕಾರಣವನ್ನು ಗುರುತಿಸುವ ತೊಡಕು

ಸಂದರ್ಶನದಿಂದಲೇ ಜನಮತ ಬದಲಾಯಿತೆಂದು ಹೇಳುವುದು ಎಷ್ಟು ಕಷ್ಟವೆಂಬುದಕ್ಕೆ ಇನ್ನೊಂದು ನಿದರ್ಶನವಿದೆ. 1979ರ ನವೆಂಬರ್ 4ರಂದು ಸೆನೆಟರ್ ಎಡ್ವರ್ಡ್ ಕೆನಡಿಯವರೊಡನೆ ರೋಜರ್ ಮಡ್ ನಡೆಸಿದ್ದ ಸಂದರ್ಶನವು ಸಿಬಿಎಸ್ ಜಾಲದಲ್ಲಿ ಪ್ರಸಾರವಾಯಿತು. ಅಧ್ಯಕ್ಷರಾಗಲು ಏಕೆ ಬಯಸುತ್ತೀರಿ ಎಂಬ ಅತಿ ಸರಳ ಪ್ರಶ್ನೆಗೆ ಕೆನಡಿ ತಡವರಿಸಿದರು. ಉತ್ತರ ಎಲ್ಲೆಲ್ಲೋ ಅಲೆಯಿತು. ಅದಕ್ಕೆ ಮೊದಲು ಜನಮತದಲ್ಲಿ ಅವರು ಅಧ್ಯಕ್ಷ ಜಿಮ್ಮಿ ಕಾರ್ಟರ್ ಅವರಿಗಿಂತ ಬಹಳ ಮುಂದಿದ್ದರು. ಕೆಲವೇ ವಾರಗಳಲ್ಲಿ ಹಿಂದೆ ಬಿದ್ದರು. 1980ರಲ್ಲಿ ಪಕ್ಷದ ಅಭ್ಯರ್ಥಿತನವೂ ದೊರೆಯಲಿಲ್ಲ. ಆ ಒಂದು ಉತ್ತರವೇ ಅವರನ್ನು ಸೋಲಿಸಿತೆಂದು ಅನೇಕರು ಬರೆದಿದ್ದಾರೆ.

ಆದರೆ ಅದೇ ನವೆಂಬರ್ 4ರಂದು ಟೆಹರಾನಿನಲ್ಲಿ ಅಮೆರಿಕದ ರಾಯಭಾರ ಕಚೇರಿಯನ್ನು ವಿದ್ಯಾರ್ಥಿಗಳು ವಶಪಡಿಸಿಕೊಂಡು, ಅಲ್ಲಿದ್ದವರನ್ನು ಒತ್ತೆಯಾಳುಗಳನ್ನಾಗಿ ಹಿಡಿದರು. ಸಂಕಟದ ಸಮಯದಲ್ಲಿ ದೇಶದ ಜನ ಅಧಿಕಾರದಲ್ಲಿರುವವರ ಬೆನ್ನಿಗೆ ನಿಲ್ಲುವುದು ಸಹಜ; ಕಾರ್ಟರ್ ಅವರ ಜನಪ್ರಿಯತೆ ಏರಿತು. ಕೆನಡಿ ಕುಸಿದದ್ದು ತಡವರಿಕೆಯಿಂದಲೋ ಟೆಹರಾನಿನಿಂದಲೋ? ಎರಡನ್ನೂ ಬಿಡಿಸಿ ತೂಗುವ ತಕ್ಕಡಿಯಿಲ್ಲ. ಒಂದಾದ ಮೇಲೊಂದು ನಡೆದ ಮಾತ್ರಕ್ಕೆ ಮೊದಲನೆಯದು ಎರಡನೆಯದರ ಕಾರಣವಾಗದು. ಸಾಹಿತ್ಯಚರಿತ್ರೆಯಲ್ಲಿ ಒಂದು ಕೃತಿಯ ‘ಪ್ರಭಾವ’ವನ್ನು ಗುರುತಿಸುವಾಗಲೂ ನೆನಪಿಡಬೇಕಾದ ಎಚ್ಚರ ಇದು.

ಇನ್ನೂ ಹಳೆಯದೊಂದು ಅಧ್ಯಯನ ಈ ಎಚ್ಚರವನ್ನು ಬಲಪಡಿಸುತ್ತದೆ. 1940ರ ಅಮೆರಿಕದ ಚುನಾವಣೆಯ ಸಂದರ್ಭದಲ್ಲಿ ಪಾಲ್ ಲಾಜರ್ಸ್‌ಫೆಲ್ಡ್ ಮತ್ತು ಸಂಗಡಿಗರು ಓಹಾಯೋ ರಾಜ್ಯದ ಈರಿ ಕೌಂಟಿಯಲ್ಲಿ ಒಂದೇ 600 ಮಂದಿಯನ್ನು ತಿಂಗಳುಗಟ್ಟಲೆ ಮತ್ತೆ ಮತ್ತೆ ಮಾತನಾಡಿಸಿದರು. ಪ್ರಚಾರದಿಂದ ಒಂದು ಪಕ್ಷದಿಂದ ಇನ್ನೊಂದಕ್ಕೆ ಹಾರಿದವರು ಅಲ್ಪಸಂಖ್ಯಾತರು; ಬಹುಮಂದಿಗೆ ಇದ್ದ ಒಲವೇ ಗಟ್ಟಿಯಾಯಿತು. ಮಾಧ್ಯಮದ ಮಾತು ನೇರವಾಗಿ ತಲೆಗೆ ಇಳಿಯುವುದಿಲ್ಲ. ಸುತ್ತಲಿನ ತಿಳಿದವರ, ನಂಬಿಕಸ್ಥರ ಬಾಯಿಂದ ಹಾದು ಬರುತ್ತದೆಂಬ ಸಿದ್ಧಾಂತವು ಅಲ್ಲಿಂದಲೇ ಬೆಳೆಯಿತು. ಸಂದರ್ಶನ ಮುಗಿದ ರಾತ್ರಿಗಿಂತ, ಅದರ ಬಗ್ಗೆ ಮಾತನಾಡಿಕೊಳ್ಳುವ ಮರುದಿನದ ಬೆಳಗು ಹೆಚ್ಚು ನಿರ್ಣಾಯಕವಾಗಿರಬಹುದು.

ಕನ್ನಡ ಕಾವ್ಯದ ಕಣ್ಣಿನಿಂದ

ಮನಸ್ಸು ಕರಗಿದರೂ ತೀರ್ಪು ನಿಲ್ಲುವ ಈ ಅನುಭವ ಕನ್ನಡ ಓದುಗರಿಗೆ ಹೊಸದಲ್ಲ. ರನ್ನನ ‘ಗದಾಯುದ್ಧ’ವನ್ನು ಓದಿದ ವಿದ್ಯಾರ್ಥಿಗಳಿಗೆ ಅದರ ಪರಿಚಯ ಚೆನ್ನಾಗಿಯೇ ಇದೆ. ಆಶ್ರಯದಾತನಾದ ಸತ್ಯಾಶ್ರಯನನ್ನು ಭೀಮನೊಡನೆ ಸಮೀಕರಿಸಿ ಬರೆದ ಕಾವ್ಯ ಅದು. ‘ಸಾಹಸಭೀಮವಿಜಯ’ವೆಂಬ ಹೆಸರೇ ನಾಯಕನಾರೆಂಬುದನ್ನು ಹೇಳುತ್ತದೆ. ಆದರೆ ಸಂಜಯನೊಡನೆ ರಣರಂಗದಲ್ಲಿ ನಡೆಯುವ ದುರ್ಯೋಧನನು ದ್ರೋಣನ, ದುಶ್ಶಾಸನನ, ಕರ್ಣನ, ಮಗ ಲಕ್ಷಣಕುಮಾರನ ಕಳೇಬರಗಳ ಮುಂದೆ ಒಂದೊಂದಾಗಿ ನಿಂತಾಗ, ವೈರಿಯ ಮಗನಾದ ಅಭಿಮನ್ಯುವಿನ ಶೌರ್ಯವನ್ನು ಕೊಂಡಾಡಿದಾಗ, ಓದುಗನ ಹೃದಯ ಅವನ ಕಡೆಗೆ ಹೊರಳುತ್ತದೆ. ಅವನನ್ನು ದುರಂತನಾಯಕನೆನ್ನಬಹುದೆ ಎಂದು ಕನ್ನಡ ವಿಮರ್ಶೆ ದಶಕಗಳ ಕಾಲ ಚರ್ಚಿಸಿದೆ. ಆದರೆ ಆ ಚರ್ಚೆಯಲ್ಲಿ ದ್ರೌಪದಿಗೆ ಆದ ಅವಮಾನ ಅಪಮಾನವಲ್ಲವೆಂದು ಯಾರೂ ವಾದಿಸಿಲ್ಲ. ಕರುಣ ರಸದ ಅನುಭವವೂ ಧರ್ಮದ ನಿರ್ಣಯವೂ ಒಂದೇ ಎದೆಯಲ್ಲಿ ಜತೆಯಾಗಿ ಇರಬಲ್ಲವು.

ಕಾಸರಗೋಡಿನ ನೆಲದಲ್ಲಿ ಇದಕ್ಕೆ ಮತ್ತೊಂದು ಜೀವಂತ ನಿದರ್ಶನವಿದೆ: ತಾಳಮದ್ದಳೆ. ಕುಂಬಳೆಯ ಪಾರ್ತಿಸುಬ್ಬನ ಹೆಸರಿನೊಡನೆ ಬೆಸೆದುಕೊಂಡ ರಾಮಾಯಣ ಪ್ರಸಂಗಗಳ ನಾಡಿದು. ವೇಷವಿಲ್ಲ, ಕುಣಿತವಿಲ್ಲ, ಅರ್ಥಧಾರಿಗಳು ಎದುರೆದುರು ಕುಳಿತು ಮಾತಿನಲ್ಲೇ ಪಾತ್ರವನ್ನು ಕಟ್ಟುತ್ತಾರೆ. ಮರೆಯಿಂದ ಬಾಣ ಬಿಟ್ಟುದೇಕೆಂದು ವಾಲಿಯು ರಾಮನನ್ನು ಪ್ರಶ್ನಿಸುವಾಗ, ಸಮರ್ಥ ಅರ್ಥಧಾರಿಯು ಸಭೆಯನ್ನೇ ವಾಲಿಯ ಪಕ್ಷಕ್ಕೆ ಒಯ್ಯಬಲ್ಲ. ಶೇಣಿ ಗೋಪಾಲಕೃಷ್ಣ ಭಟ್ಟರ ವಾಲಿ, ರಾವಣ, ಕೌರವರನ್ನು ಕೇಳಿದವರು ಆ ಮಾತಿನ ಸೊಗಸನ್ನು ಇಂದಿಗೂ ಸ್ಮರಿಸುತ್ತಾರೆ. ಆದರೂ ಪ್ರಸಂಗದ ಕೊನೆಯೇನೆಂಬುದು ಸಭೆಗೆ ಗೊತ್ತು. ವಾದವನ್ನು ಮೆಚ್ಚಿಕೊಂಡು ಮನೆಗೆ ಹೋಗುತ್ತಾರೆಯೇ ಹೊರತು ವಾಲಿಯನ್ನು ನಿರ್ದೋಷಿಯೆಂದು ತೀರ್ಮಾನಿಸಿ ಅಲ್ಲ.

ದೂರದರ್ಶನದ ಸಂದರ್ಶನಕ್ಕೂ ತಾಳಮದ್ದಳೆಗೂ ಇರುವ ಭೇದವೇ ಇಲ್ಲಿ ಮುಖ್ಯ. ತಾಳಮದ್ದಳೆಯಲ್ಲಿ ಮಾತನಾಡುವವನು ವಾಲಿಯಲ್ಲ, ವಾಲಿಯ ಅರ್ಥಧಾರಿಯೆಂಬ ಅರಿವು ಕೇಳುಗನಿಗೆ ಕ್ಷಣಕ್ಷಣವೂ ಇರುತ್ತದೆ. ಕಿರುತೆರೆಯಲ್ಲಾದರೋ ವ್ಯಕ್ತಿಯೂ ಪಾತ್ರವೂ ಒಂದೇ ಮುಖವನ್ನು ಹೊತ್ತಿರುತ್ತವೆ. ನಾಯಕನು ತನ್ನ ಪಾತ್ರಕ್ಕೆ ತಾನೇ ಅರ್ಥ ಹೇಳುತ್ತಿದ್ದಾನೆಂಬುದನ್ನು ಪ್ರೇಕ್ಷಕನು ಸುಲಭವಾಗಿ ಮರೆಯುತ್ತಾನೆ.

ನೆನಪಿನ ತಿದ್ದುಪಡಿ

ಇತಿಹಾಸ ಇಲ್ಲಿಗೇ ನಿಲ್ಲಲಿಲ್ಲ. 2006ರಲ್ಲಿ ಪೀಟರ್ ಮಾರ್ಗನ್ ಈ ಸಂದರ್ಶನವನ್ನು ಆಧರಿಸಿ ನಾಟಕ ಬರೆದರು; 2008ರಲ್ಲಿ ರಾನ್ ಹೊವರ್ಡ್ ಅದನ್ನು ಚಲನಚಿತ್ರವನ್ನಾಗಿಸಿದರು. ಅದರಲ್ಲಿ ನಿಕ್ಸನ್ ತಡರಾತ್ರಿ ಕುಡಿದ ಮತ್ತಿನಲ್ಲಿ ಫ್ರಾಸ್ಟ್‌ಗೆ ದೂರವಾಣಿ ಕರೆ ಮಾಡುವ ದೃಶ್ಯವಿದೆ. ಆ ಕರೆ ನಡೆದೇ ಇರಲಿಲ್ಲ. ಅದು ನಾಟಕಕಾರನ ಕಲ್ಪನೆ. ನಾಟಕವಾಗಿ ಅದಕ್ಕೆ ಸಮರ್ಥನೆಯಿದೆ. ಪಂಪ, ರನ್ನರೂ ಮೂಲಭಾರತವನ್ನು ಇದ್ದಂತೆಯೇ ಬಿಡಲಿಲ್ಲ. ಆದರೆ 1977ರಲ್ಲಿ ಹುಟ್ಟಿರದ ತಲೆಮಾರಿಗೆ ಚಲನಚಿತ್ರವೇ ಸಂದರ್ಶನದ ನೆನಪಾಗಿಬಿಟ್ಟರೆ, ಕವಿಕಲ್ಪಿತವಾದ ಕರೆಯ ಆಧಾರದ ಮೇಲೆ ಒಬ್ಬ ಐತಿಹಾಸಿಕ ವ್ಯಕ್ತಿಯ ಬಗ್ಗೆ ಅಭಿಪ್ರಾಯ ಮೂಡುತ್ತದೆ. ಇಂದು ದೀರ್ಘ ಸಂದರ್ಶನಗಳು ಅರ್ಧ ನಿಮಿಷದ ತುಣುಕುಗಳಾಗಿ ಕೈಯಿಂದ ಕೈಗೆ ಸಾಗುತ್ತಿರುವಾಗ ಈ ಅಪಾಯ ಇನ್ನೂ ಹತ್ತಿರದ್ದು. 1977ರಲ್ಲಿ ಐದರಲ್ಲೊಂದು ಪಾಲನ್ನಾದರೂ ಜನ ನೋಡಿದ್ದರು.

ಬದಲಾವಣೆ ನಾಚಿಕೆಯಲ್ಲ

ಮೇಲಿನ ವಿವೇಚನೆಯಿಂದ, ಸಂದರ್ಶನವನ್ನು ನೋಡಿ ಅಭಿಪ್ರಾಯವನ್ನು ಬದಲಿಸಿಕೊಳ್ಳುವುದು ದೌರ್ಬಲ್ಯವೆಂಬ ತೀರ್ಮಾನಕ್ಕೆ ಬರಬೇಕಾಗಿಲ್ಲ. ಎಂದೂ ಬದಲಾಗದ ಅಭಿಪ್ರಾಯವು ಅಭಿಪ್ರಾಯವೇ ಅಲ್ಲ, ಅಭ್ಯಾಸ. ಒಬ್ಬ ನಾಯಕನ ಬಗ್ಗೆ ವರ್ಷಗಳಿಂದ ಕೇಳಿಬಂದ ನಿಂದೆ ಪೊಳ್ಳೆಂದು ಅವನ ಮಾತುಗಳಿಂದಲೇ ತಿಳಿದಾಗ ಮನಸ್ಸನ್ನು ತಿದ್ದಿಕೊಳ್ಳುವುದು ಪ್ರಾಮಾಣಿಕತೆ. ಮೆಚ್ಚಿದ ನಾಯಕನು ನೇರ ಪ್ರಶ್ನೆಗೆ ಉತ್ತರಿಸಲಾರದೆ ಜಾರಿಕೊಂಡಾಗ ಅದನ್ನು ಒಪ್ಪಿಕೊಳ್ಳುವುದು ಇನ್ನೂ ದೊಡ್ಡ ಪ್ರಾಮಾಣಿಕತೆ. ಆದರೆ ಬದಲಾದದ್ದು ಯಾವುದೆಂದು ತನ್ನನ್ನು ತಾನು ಕೇಳಿಕೊಳ್ಳಬೇಕು. ಹೊಸ ಸಂಗತಿಯೊಂದು ತಿಳಿಯಿತೆ, ಹೊಸ ಮುಖಭಾವವೊಂದು ಕಂಡಿತೆ? ಪ್ರಶ್ನೆ ಕೇಳಿದವನ ಕೈಯಲ್ಲಿ ದಾಖಲೆಯಿತ್ತೆ, ಬರಿಯ ದನಿಯಿತ್ತೆ? ನೋಡಿದ್ದು ಪೂರ್ಣ ಸಂದರ್ಶನವೆ, ಯಾರೋ ಆಯ್ದ ತುಣುಕೆ? ಈ ಸಂದರ್ಶನದಿಂದ ಯಾರಿಗೆ ಏನು ಲಾಭ? ನಿಕ್ಸನ್ ಅವರ ಕಣ್ಣೀರಿನ ಹಿಂದೆ ಲಾಭದ ಪಾಲೂ ಇತ್ತೆಂಬುದನ್ನು ಮರೆಯಬಾರದು. ಅದರಿಂದ ಆ ಕಣ್ಣೀರು ಸುಳ್ಳೇ ಆಗಿತ್ತೆಂದೂ ಹೇಳಬಾರದು.

ಗಡಿನಾಡಿನ ವಿದ್ಯಾರ್ಥಿಗೆ ಈ ಪರೀಕ್ಷೆಗೆ ಒಂದು ಸಹಜ ಅನುಕೂಲವಿದೆ. ನಾಯಕನು ಮಲಯಾಳದಲ್ಲಿ ಕೊಟ್ಟ ಸಂದರ್ಶನವನ್ನು ಸಂಜೆ ತೆರೆಯಲ್ಲಿ ನೋಡಿ, ಅದರ ಸಾರವನ್ನು ಮರುದಿನ ಕನ್ನಡ ಪತ್ರಿಕೆಯಲ್ಲಿ ಓದುವ ಅವಕಾಶ ಅವನಿಗಿದೆ. ಮೊದಲನೆಯದರಲ್ಲಿ ಮುಖವಿದೆ, ದನಿಯಿದೆ, ಮೌನವಿದೆ. ಎರಡನೆಯದರಲ್ಲಿ ಬರಿಯ ಮಾತಿದೆ. ಇನ್ನೊಂದು ಭಾಷೆಗೆ ತಂದಾಗಲೂ ಉಳಿದುಕೊಳ್ಳುವ ವಾದ ಯಾವುದು, ಮುಖದೊಡನೆಯೇ ಕರಗಿಹೋಗುವ ಸೊಗಸು ಯಾವುದು ಎಂಬುದು ಆಗ ಬೇರ್ಪಟ್ಟು ಕಾಣುತ್ತದೆ. ಸಂದರ್ಶನದಿಂದ ಕಲಕಿದ ಮನಸ್ಸನ್ನು ಅಲ್ಲಗಳೆಯಬೇಕಿಲ್ಲ. ಒಂದು ರಾತ್ರಿ ಕಳೆದು, ಮುಖವಿಲ್ಲದ ಆ ಮಾತುಗಳನ್ನು ಇನ್ನೊಮ್ಮೆ ಓದಿದ ಮೇಲೂ ಹೊಸ ಅಭಿಪ್ರಾಯವೇ ನಿಂತರೆ, ಅದನ್ನು ತನ್ನದೆಂದು ಧೈರ್ಯವಾಗಿ ಹೇಳಬಹುದು, ಮತಗಟ್ಟೆಗೂ ಒಯ್ಯಬಹುದು.